ಚಾರ್ಜರಿನ ಅವಸರ

ಫಕ್ಕೀರಪ್ಪನ ಮನೆಯಲ್ಲಿ ಅವನ ಬ್ಯಾಟರಿ ಆಟೋದ ಚಾರ್ಜರೂ ತಾಯಿಯ ಆಕ್ಸಿಜನ್ ಯಂತ್ರವೂ ಒಂದೇ ತಂತಿಯಿಂದ ಕರೆಂಟು ಕುಡಿಯುತ್ತಿದ್ದವು. ಚಾರ್ಜರ್ ಗಬಗಬನೆ ನುಂಗಿದಾಗಲೆಲ್ಲ ಯಂತ್ರ ತಡವರಿಸುತ್ತಿತ್ತು.

"ನೀನು ಹೀಗೆ ಎಳೆದೆಳೆದು ಕುಡಿದರೆ ನನಗೆ ಬರುವ ಕರೆಂಟು ಹದಗೆಡುತ್ತದೆ. ಮುದುಕಿಯ ಉಸಿರು ನನ್ನ ಕೈಯಲ್ಲಿದೆ," ಎಂದು ಯಂತ್ರ ಬೇಡಿಕೊಂಡಿತು.

ಚಾರ್ಜರಿನ ಜೊತೆ ಬಂದು ಪೆಟ್ಟಿಗೆಯಲ್ಲೇ ಉಳಿದಿದ್ದ, ಕರೆಂಟಿನ ಎಳೆತವನ್ನು ಹದಗೊಳಿಸುವ ಫಿಲ್ಟರ್ ಅದಕ್ಕೆ, "ನನ್ನನ್ನು ಬಾಯಿಗೆ ಕಟ್ಟಿಸಿಕೋ. ಆಗ ನೀನು ಒಂದೇ ಸಮನೆ ಕುಡಿಯುತ್ತೀ. ತುಸು ನಿಧಾನ, ಅಷ್ಟೆ," ಎಂದಿತು.

"ಎತ್ತಿನಂತೆ ನನಗೂ ಬಾಯಿಕುಕ್ಕೆಯೇ? ಆ ಮುದುಕಿಯನ್ನು ಆಸ್ಪತ್ರೆಗೆ ಒಯ್ಯಲೆಂದೇ ನನಗೆ ಈ ಅವಸರ!" ಎಂದು ಗದರಿದ ಚಾರ್ಜರ್ ಇನ್ನೂ ಜೋರಾಗಿ ಎಳೆಯಿತು.

ಯಂತ್ರ ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು.

ಚಾರ್ಜರಿನ ಹಸಿರು ದೀಪ ಹತ್ತಿತು. "ಹೊಟ್ಟೆ ತುಂಬಿತು, ಹೊರಡು!" ಎಂದು ಅದು ಆಟೋಗೆ ಕೂಗಿತು.

ಒಳಗಿಂದ ಫಕ್ಕೀರಪ್ಪನ ಅಳು ಕೇಳಿಸಿತು.

"ಯಾರನ್ನು ಕೂರಿಸಿಕೊಂಡು ಹೊರಡಲಿ?" ಎಂದಿತು ಆಟೋ.