ಮಿಂಚಿತು ಎಂದರೆ

"ಗುರುಗಳೇ, ಆಕಾಶದಲ್ಲಿ ಬೆಳಕು ಹೊಳೆದರೂ ಮಿಂಚಿತು ಅನ್ನುತ್ತೇವೆ, ಹೊತ್ತು ಕಳೆದುಹೋದರೂ ಮಿಂಚಿತು ಅನ್ನುತ್ತೇವೆ. ಒಂದೇ ಮಾತಿಗೆ ಎರಡು ಅರ್ಥ ಎಲ್ಲಿಂದ ಬಂತು?"

ಹೀಗೆ ಕೇಳಿದವನು ಮುರಿಗೆಪ್ಪ. ನಲವತ್ತೆರಡನೆಯ ವಯಸ್ಸಿನಲ್ಲಿ ಅಕ್ಷರ ಕಲಿಯಲು ಮಠಕ್ಕೆ ಬಂದವನು. ಆರು ತಿಂಗಳಾದರೂ ಒತ್ತಕ್ಷರ ಅವನ ಕೈಗೆ ಒಗ್ಗಿರಲಿಲ್ಲ. ಇನ್ನು ಸಾಕು, ಕಲಿಯುವ ವಯಸ್ಸು ಮೀರಿತು ಎಂದು ಬೆಳಿಗ್ಗೆಯೇ ಬಟ್ಟೆಯ ಗಂಟು ಕಟ್ಟಿದ್ದ. ಹೊರಡುವ ಮುಂಚೆ ಇದೊಂದನ್ನು ಕೇಳಿಬಿಡೋಣ ಎಂದು ಬಂದಿದ್ದ. ಗಂಟನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕೂತಿದ್ದ. ಗುರುಗಳ ಕಣ್ಣಿಗೆ ಅದು ಬೀಳದೆ ಇದ್ದೀತೇ!

ಗುರುಗಳು ಹೇಳಿದರು: "ಮಿನುಗು, ಮಿಣುಕು, ಮಿಂಚು, ಎಲ್ಲ ಒಂದೇ ಮನೆಯ ಮಕ್ಕಳಪ್ಪ. ಮೊದಲ ಅರ್ಥ ಬೆಳಕೇ. ಎರಡನೆಯದಕ್ಕೆ ಪಂಡಿತರು ಏನು ಹೇಳುತ್ತಾರೋ ಹೇಳಲಿ. ನಾನು ಹೇಳುವುದು ಒಬ್ಬ ಕುಂಬಾರನ ಕತೆ.

"ಒಬ್ಬ ಕುಂಬಾರನಿದ್ದ. ಮದುವೆಮನೆಗೆ ಅರವತ್ತು ಮಡಕೆ ಒಪ್ಪಿಕೊಂಡಿದ್ದ. ಮಡಕೆಗಳನ್ನು ಇನ್ನೂ ಸುಟ್ಟಿರಲಿಲ್ಲ, ಅಂಗಳದಲ್ಲಿ ಒಣಗಲು ಇಟ್ಟಿದ್ದ. ತಡವಾಯಿತು, ತಡವಾಯಿತು ಎಂದು ಬೆಳಗಿನಿಂದ ಗೊಣಗುತ್ತ ಒಳಗೆ ಅವುಗಳ ಮುಚ್ಚಳಕ್ಕೆ ಮಣ್ಣು ತುಳಿಯುತ್ತಿದ್ದ. ಮಧ್ಯಾಹ್ನ ಮೋಡ ಕವಿಯಿತು. ಅಂಗಳದಲ್ಲಿದ್ದ ಹೆಂಡತಿ, 'ಏನಂದ್ರೆ, ಮಿಂಚಿತು!' ಎಂದು ಕೂಗಿದಳು. ಹೊತ್ತು ಮೀರಿಹೋಯಿತು ಎಂದೇ ಕುಂಬಾರನಿಗೆ ಕೇಳಿಸಿತು. ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಅವಳೊಬ್ಬಳೇ ಓಡಿ ಓಡಿ ಇಪ್ಪತ್ತು ಮಡಕೆ ಒಳಗೆ ತಂದಿಟ್ಟಳು. ಅಷ್ಟರಲ್ಲಿ ಮಳೆ ಬಂತು. ಉಳಿದ ನಲವತ್ತು ಕರಗಿ ಮಣ್ಣಾದವು.

"ಕುಂಬಾರ ರೇಗಿದ. 'ಮಿಂಚಿತು ಅಂತ ನೀನೇ ಕೂಗಿದೆಯಲ್ಲೇ! ಮಿಂಚಿದ ಮೇಲೆ ಎದ್ದು ಬಂದು ಏನು ಮಾಡಲಿ?'

"ಅವಳು ಸೆರಗು ಹಿಂಡಿಕೊಳ್ಳುತ್ತ, 'ಚೆನ್ನಾಯ್ತು ಬಿಡಿ! ಮಳೆ ಬರೋಕೆ ಮುಂಚೆ ಬನ್ನಿ ಅಂತಲ್ಲವೇ ನಾನು ಕೂಗಿದ್ದು? ನಾನು ಕೂಗಿದಾಗ ಅರವತ್ತೂ ನೆಟ್ಟಗಿದ್ದವು. ನೀವು ಕೂತಿರಿ ನೋಡಿ, ಆಮೇಲೆ ಮಿಂಚಿದ್ದು' ಅಂದಳು.

"ಮಾತಿಗೆ ಎರಡನೆಯ ಅರ್ಥ ಹುಟ್ಟಿದ್ದು ಆ ಮನೆಯಲ್ಲಿ, ಮುರಿಗೆಪ್ಪ. ಹುಟ್ಟಿಸಿದವನು ಗಂಡ."

ಮುರಿಗೆಪ್ಪ ಜೋರಾಗಿ ನಕ್ಕ. "ಎಂಥ ದಡ್ಡ, ಗುರುಗಳೇ! ಎದ್ದು ಒಂದು ಸಲ ಬಾಗಿಲಾಚೆ ನೋಡಬಾರದಿತ್ತೇ?"

ಗುರುಗಳು ಅವನ ಬೆನ್ನ ಹಿಂದಕ್ಕೆ ಕಣ್ಣು ಹಾಯಿಸಿದರು.

"ನಿನ್ನ ಮಳೆಯೂ ಇನ್ನೂ ಬಂದಿಲ್ಲ ಕಣಪ್ಪ, ಆ ಗಂಟನ್ನು ಒಳಗೆ ತೆಗೆದಿಡು."