ಟೇಪು ತಿರುಗುವ ಮೊದಲು

“ಗುರುಗಳೇ, ಬೇಡದ ಸದ್ದು ಒಂದೂ ಒಳಗೆ ಬರಬಾರದು. ಅಂಥ ಮೈಕ್ ಯಾವುದು?” ಎಂದು ಶಿಷ್ಯೆ ಕೇಳಿದಳು.

ಅವಳು ಸಿನಿಮಾಕ್ಕೆ ಧ್ವನಿ ಹಿಡಿಯುವ ಕೆಲಸ ಕಲಿಯುತ್ತಿದ್ದಳು. ಮುಂದೆ ಮೂರು ಮೈಕ್‌ಗಳಿದ್ದವು. ಒಂದು ಸುತ್ತಲಿನ ಎಲ್ಲ ಸದ್ದನ್ನೂ ಕೇಳುವಂಥದು. ಇನ್ನೊಂದು ಕೋಲಿನ ತುದಿಗೆ ಕಟ್ಟುವ ಉದ್ದನೆಯದು. ಮೂತಿ ತಿರುಗಿಸಿದ ಕಡೆಯದೇ ಅದಕ್ಕೆ ಹೆಚ್ಚು ಕೇಳಿಸುತ್ತದೆ. ಮತ್ತೊಂದು ಕಡಲೆಕಾಳಿನಷ್ಟು ಚಿಕ್ಕದು, ನಟರ ಬಟ್ಟೆಯೊಳಗೆ ಅಡಗಿಸುವ ಕಾಲರ್ ಮೈಕ್.

ಗುರುಗಳು ಆ ಚಿಕ್ಕದನ್ನು ಕೈಗೆ ತೆಗೆದುಕೊಂಡು ಈ ಕತೆ ಹೇಳಿದರು.

ಒಬ್ಬ ಧ್ವನಿಗ್ರಾಹಕನಿದ್ದ. ಅವನ ಹೆಂಡತಿ ಅದೇ ಚಿತ್ರತಂಡದಲ್ಲಿ ಬಟ್ಟೆ ಹೊಲಿಯುವವಳು. ನಟಿಯರ ರವಿಕೆಯೊಳಗೆ ಮೈಕ್ ಅಡಗಿಸಿ ಎರಡು ಹೊಲಿಗೆ ಹಾಕುವುದೂ ಅವಳ ಕೆಲಸವೇ. ಆಮೇಲೆ ಮೈಕ್ ಪರೀಕ್ಷೆಗೆ ಯಾರಾದರೂ ನಾಲ್ಕು ಮಾತಾಡಬೇಕು. ಬೇರೆ ತಂಡಗಳಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಅವಳು ಎಣಿಸುತ್ತಿರಲಿಲ್ಲ. ಗಂಡ ದೂರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಟೇಪಿನ ಯಂತ್ರದ ಮುಂದೆ ಕೂತಿರುವಾಗ, ಅವಳು ನಟಿಯ ಕೊರಳ ಬಳಿ ಬಗ್ಗಿ ಮನೆಯ ಮಾತಾಡುತ್ತಿದ್ದಳು. ಒಂದು ದಿನ ಹೀಗೆಂದಳು:

“ಅವರೆಕಾಳು ಹಿತಕಿಟ್ಟಿದ್ದೀನಿ. ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಮನೆಗೆ ಬನ್ನಿ ಸ್ವಾಮಿ. ನಿಮಗೆ ಒಂದು ವಿಷಯ…”

ನಟಿ ನಕ್ಕಳು. “ಅಲ್ಲಕ್ಕಾ, ಮನೇಲೇ ಹೇಳಬಾರದಾ? ನನ್ನ ರವಿಕೆಗೆ ಯಾಕೆ ಹೇಳ್ತೀಯ?”

“ಮನೇಲಿ ಹೇಳಿದ್ರೆ ಈ ಮನುಷ್ಯ ಎದ್ದು ಹೋಗ್ತಾರೆ ಕಣಮ್ಮ. ಇಲ್ಲಿ ಎದ್ದು ಹೋಗೋಕಾಗಲ್ಲ. ಸಂಬಳ ಕೊಡೋದೇ ಕೇಳೋಕೆ!” ಎಂದಳು. ಮತ್ತೆ ಆ ವಿಷಯಕ್ಕೆ ಬರುವಷ್ಟರಲ್ಲಿ ಗಂಡ ಕೈ ಎತ್ತಿದ.

ಅವನಿಗೆ ಬೇಕಾದದ್ದು ದನಿಯ ಮಟ್ಟ ಮಾತ್ರ. ಯಂತ್ರದ ಮುಳ್ಳು ತಕ್ಕ ಜಾಗಕ್ಕೆ ಬಂದೊಡನೆ ಸಾಕು ಎಂದು ಕೈ ಎತ್ತುತ್ತಿದ್ದ. ಅವಳು ಮಾತನ್ನು ಇದ್ದಲ್ಲಿಗೇ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದಳು. ಅವಳ ಕೈ ಪೂರ್ತಿ ಹಿಂದೆ ಬರುವ ಮೊದಲೇ ಅವನು ಟೇಪು ತಿರುಗಿಸಿ ಧ್ವನಿ ಹಿಡಿಯಲು ಶುರುಮಾಡುತ್ತಿದ್ದ. ಟೇಪು ದುಬಾರಿ, ಪರೀಕ್ಷೆಯ ಮಾತಿಗೆ ಅದನ್ನು ಕೆಡಿಸುವ ಪದ್ಧತಿ ಇರಲಿಲ್ಲ. ಅವನ ಟೇಪುಗಳಷ್ಟು ಶುಭ್ರವಾದವು ಬೇರೆಲ್ಲೂ ಇಲ್ಲ ಎಂದು ಕಸುಬಿನವರು ಹೊಗಳುತ್ತಿದ್ದರು. ಅವನಿಗೆ ಅದರ ಹೆಮ್ಮೆಯಿತ್ತು.

ಹೆಂಡತಿ ಜ್ವರ ಬಂದು ತೀರಿಕೊಂಡಳು.

ಕೆಲಕಾಲ ಕಳೆಯಿತು. ಅವಳ ಮುಖ ನೆನಪಿಗೆ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತರೂ ಬರಲಿಲ್ಲ. ಊರವರ ದನಿಯನ್ನೆಲ್ಲ ಹಿಡಿದಿಟ್ಟವನು ನಾನು, ಇವಳದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ ಎಂದುಕೊಂಡು ಹಳೆಯ ಟೇಪುಗಳನ್ನೆಲ್ಲ ತಂದು ಒಂದೊಂದಾಗಿ ಕೇಳಿದ. ಅತ್ತವರಿದ್ದರು, ನಕ್ಕವರಿದ್ದರು. ಅವಳ ಒಂದು ಮಾತೂ ಇರಲಿಲ್ಲ.

ಆದರೆ ಪ್ರತಿ ಟೇಪಿನ ಮೊದಲಲ್ಲಿ, ನಟಿ ಬಾಯಿ ತೆರೆಯುವ ಮುಂಚೆ, ಬಟ್ಟೆ ಸರಿದ ಸಣ್ಣ ಸದ್ದೊಂದಿತ್ತು. ರವಿಕೆಯ ಅಂಚು ಸರಿಪಡಿಸಿ ಅವಳು ಕೈ ಹಿಂದೆ ತೆಗೆದ ಸದ್ದು. ಅವನ ಟೇಪುಗಳಲ್ಲಿ ಬೇಡದ ಸದ್ದೆಂದರೆ ಅದೊಂದೇ. “ಬೇಗ ಕೈ ತೆಗಿ ಮಾರಾಯ್ತಿ, ಟೇಪು ಕೆಡುತ್ತೆ,” ಎಂದು ಎಷ್ಟೋ ಸಲ ಎಲ್ಲರೆದುರು ಗದರಿದ್ದ. ಈಗ ಅಷ್ಟನ್ನೇ ಕೇಳಿ ಯಂತ್ರ ನಿಲ್ಲಿಸುತ್ತಿದ್ದ. ಹಿಂದಕ್ಕೆ ಸುತ್ತಿ ಮತ್ತೆ ಕೇಳುತ್ತಿದ್ದ. ನಟಿಯ ಮಾತು ಶುರುವಾದರೆ ಬೇಸರ ಬರುತ್ತಿತ್ತು.

ಅವರೆಕಾಳಿನ ದಿನದ ಟೇಪೂ ಸಿಕ್ಕಿತು. ಅದರಲ್ಲೂ ಕೈ ಸರಿದ ಸದ್ದಷ್ಟೇ ಇತ್ತು. ಅವಳು ಹೇಳಲು ಹೊರಟ ಆ ಒಂದು ವಿಷಯ ಏನೆಂದು ಅವನು ಸಂಜೆ ಮನೆಯಲ್ಲಿ ಕೇಳಿರಲಿಲ್ಲ.

ಕತೆ ಅಲ್ಲಿಗೆ ಮುಗಿಯಿತು. ಗುರುಗಳು ಮೈಕನ್ನು ಅದರ ಡಬ್ಬಿಯಲ್ಲಿಟ್ಟು ಮುಚ್ಚಿದರು.

ಶಿಷ್ಯೆಗೆ ಸಮಾಧಾನವಾಗಲಿಲ್ಲ. “ಅಂಥ ಯಂತ್ರವಿತ್ತು, ಅಂಥ ಕಿವಿಯಿತ್ತು. ಆದರೂ ಅವಳ ದನಿ ಅವನಿಗೆ ಸಿಗಲೇ ಇಲ್ಲವೇ ಗುರುಗಳೇ?”

“ದಿನವೂ ಸಿಗುತ್ತಿತ್ತು ಮಗೂ, ಸಾಕು ಎಂದು ಕೈ ಎತ್ತಿದವನು ಅವನೇ.”