ಸುಳಿಗಾಳಿ ಹುಡುಕುವುದು ಯಾರನ್ನು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಒಂದೇ ಜಾಗದಲ್ಲಿ ಕೂತು ಅಭ್ಯಾಸವಾಗಿರಲಿಲ್ಲ. ಗಾಳಿಗಳೆಲ್ಲ ಚಿಕ್ಕವು. ಯಾವ ಕೆಲಸಕ್ಕೆ ಎಷ್ಟು ಬೀಸಬೇಕೆಂದು ಅವು ಇನ್ನೂ ಕಲಿಯುತ್ತಿದ್ದವು.

ದೊಡ್ಡ ಮರಳುಗಾಡಿನ ನಡುವೆ ಒಂದು ಕೆಂಪು ಬೆಟ್ಟ. ಅದರ ಸೊಂಟದ ಮೇಲೆ ಕೆಂಬರೆ ಎಂಬ ಸಣ್ಣ ಊರು. ಮೂವತ್ತು ಮನೆ, ಮೂವತ್ತಕ್ಕೂ ಹುಲ್ಲಿನ ಸೂರು. ಇಳಿಯುವುದಕ್ಕೆ ಮನೆಗಳ ನಡುವೆ ಒಂದೇ ಓಣಿ. ಊರಿನ ನೆತ್ತಿಯಲ್ಲಿ ಒಂದು ಒರತೆ. ಅದರ ನೀರು ಹರಿದುಹೋಗದಂತೆ ಹೊಂಡದ ಬಾಯಿಗೆ ದೊಡ್ಡ ಕಲ್ಲು ಅಡ್ಡ ಇಟ್ಟಿದ್ದರು.

ಆ ಊರಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ಅಕ್ಕ ಸೋಮವ್ವ ಒರತೆಯ ನೀರನ್ನು ಮನೆಮನೆಗೂ ಅಳೆದು ಕೊಡುತ್ತಿದ್ದಳು. ತಂಗಿ ಕೆಂಚವ್ವ ಊರಿನ ನವಣೆಯನ್ನು ತೂರುತ್ತಿದ್ದಳು. ತಾಯಿ ತಂದೆ ಹೋದ ಮೇಲೆ ಕೆಂಚವ್ವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ.

ಕೆಂಚವ್ವ ಮೊರ ಎತ್ತಿದರೆ ಸಾಕು, ಬೆಟ್ಟದ ಎಳೆಗಾಳಿ ಓಡಿಬಂದು ಹೊಟ್ಟು ಹಾರಿಸಿಕೊಂಡು ಹೋಗುತ್ತಿತ್ತು. ಅವಳನ್ನು ಅದು ಚಿಕ್ಕವ್ವ ಎನ್ನುತ್ತಿತ್ತು, ಸೋಮವ್ವನನ್ನು ದೊಡ್ಡವ್ವ ಎನ್ನುತ್ತಿತ್ತು. ಮಲಗುವ ಮುಂಚೆ ಬಾಗಿಲ ಸಂದಿಯಿಂದ ಬಂದು, ಉಫ್ ಎಂದು ದೀಪ ಆರಿಸುತ್ತಿತ್ತು.

"ಜಾಣ, ಜಾಣ," ಅನ್ನುತ್ತಿದ್ದಳು ಸೋಮವ್ವ. ಗಾಳಿಗೆ ಅಷ್ಟು ಸಾಕು. ಹಿಗ್ಗಿಹೋಗುತ್ತಿತ್ತು.

ಒಂದು ವರ್ಷ ಮಳೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಮೂರನೆಯ ವರ್ಷ ಬೆಟ್ಟದ ಮೇಲಿನ ಹುಲ್ಲು ಮುಟ್ಟಿದರೆ ಪುಡಿಯಾಗುತ್ತಿತ್ತು. ಆಗ ಒಂದು ಮಧ್ಯಾಹ್ನ ಬಡಕಲು ಮೋಡವೊಂದು ಬಂದು ತುದಿಯಲ್ಲಿ ಕೂತಿತು.

"ನಾಲ್ಕು ಹನಿ ಹಾಕಿ ಹೋಗಪ್ಪ," ಎಂದು ಬೆಟ್ಟ ಕೇಳಿತು.

"ಹನಿ ಎಲ್ಲಿಂದ ತರಲಿ? ದಾರಿಯಲ್ಲೇ ಎಲ್ಲ ಆರಿಹೋಯಿತು," ಅಂದಿತು ಮೋಡ. "ನನ್ನೊಳಗೆ ಉಳಿದಿರೋದು ಮಿಂಚೊಂದೇ. ಅದನ್ನೂ ಹಿಡಿದಿಟ್ಟುಕೊಳ್ಳೋಕೆ ಆಗ್ತಿಲ್ಲ."

ಹಾಗೆನ್ನುವಷ್ಟರಲ್ಲೇ ಮಿಂಚು ಜಾರಿ ಹುಲ್ಲಿಗೆ ಬಿತ್ತು.

ಅಂಗಳದಲ್ಲಿದ್ದ ಕೆಂಚವ್ವ ತಲೆ ಎತ್ತಿ ನೋಡಿದಳು. ದೂರದ ತುದಿಯಲ್ಲಿ ಒಂದು ಪುಟ್ಟ ಬೆಳಕು. ದೀಪದ ಕುಡಿಯಷ್ಟೇ.

"ಹೆದರಬೇಡ ಚಿಕ್ಕವ್ವ, ನಾನಿದೀನಲ್ಲ!" ಎಂದು ಗಾಳಿ ಅವಳ ಪಕ್ಕದಿಂದ ಎದ್ದು ಓಡಿತು.

ಅದು ಏನು ಮಾಡಹೊರಟಿದೆ ಎಂದು ಕೆಂಚವ್ವನಿಗೆ ತಟ್ಟನೆ ಹೊಳೆಯಿತು. "ಬೇಡ! ಊದಬೇಡ!" ಎಂದು ಕೂಗಿದಳು. ಗಾಳಿ ತನ್ನದೇ ಸದ್ದಿನಲ್ಲಿತ್ತು. ಅವಳ ಕೂಗು ಅದಕ್ಕೆ ಕೇಳಿಸಲಿಲ್ಲ.

ಗಾಳಿ ಊದಿತು. ಬೆಂಕಿ ಆರಲಿಲ್ಲ, ಎದ್ದು ನಿಂತಿತು. ಗಾಳಿಗೆ ಗಾಬರಿಯಾಯಿತು. ಇನ್ನೂ ಜೋರಾಗಿ ಊದಿತು. ಬೆಂಕಿ ನಾಲ್ಕಾಯಿತು, ನಲವತ್ತಾಯಿತು, ಬೆಟ್ಟದ ಬೆನ್ನಿಡೀ ಹರಡಿ ಊರ ಕಡೆ ಇಳಿಯತೊಡಗಿತು. ಗಾಳಿ ಅಳುತ್ತಾ ಅಳುತ್ತಾ ಊದುತ್ತಲೇ ಇತ್ತು. ಅದಕ್ಕೆ ಗೊತ್ತಿದ್ದದ್ದು ಅದೊಂದೇ.

ಸೋಮವ್ವ ಓಡಿಬಂದಳು. "ಕೆಂಚಿ, ಎಲ್ಲರನ್ನೂ ಕರಕೊಂಡು ಓಣಿಯಲ್ಲಿ ಇಳಿ. ಮರಳು ಸಿಗೋವರೆಗೂ ನಿಲ್ಲಬೇಡ."

"ನೀನು?"

"ಸೂರು ಹೊತ್ತಿಕೊಂಡರೆ ಓಣಿ ಮುಚ್ಚಿಹೋಗತ್ತೆ. ಹೊಂಡದ ಕಲ್ಲು ನೂಕಿ ನೀರು ಬಿಡ್ತೀನಿ. ನೀರಲ್ಲೇ ನಡೆದು ಇಳೀರಿ."

"ಬ್ಯಾಡಕ್ಕ. ಬೆಂಕಿ ಬರ್ತಿರೋದು ಆ ಕಡೆಯಿಂದಲೇ."

ಸೋಮವ್ವ ತಂಗಿಯ ಕೆನ್ನೆ ಮುಟ್ಟಿದಳು. "ಆ ಕಲ್ಲು ಎಲ್ಲಿ ನೂಕಿದರೆ ಜರುಗುತ್ತೆ ಅನ್ನೋದು ನನಗೆ ಮಾತ್ರ ಗೊತ್ತು ಕಣೆ," ಎಂದವಳೇ ಮೇಲಕ್ಕೆ ಹತ್ತಿದಳು.

ಕೆಂಚವ್ವ ಮುದುಕರನ್ನು ಎಬ್ಬಿಸಿದಳು, ಮಕ್ಕಳನ್ನು ಕಂಕುಳಿಗೆ ಸೇರಿಸಿಕೊಂಡಳು. ಅರ್ಧ ಓಣಿ ಇಳಿಯುವಾಗ ಎರಡೂ ಕಡೆಯ ಸೂರು ಹೊತ್ತಿಕೊಂಡವು. ಜನ ನಿಂತುಬಿಟ್ಟರು. ಅಷ್ಟರಲ್ಲಿ ಮೇಲಿನಿಂದ ನೀರು ಬಂತು. ಮೊದಲು ಪಾದ ಮುಳುಗಿತು, ಆಮೇಲೆ ಮೊಣಕಾಲು. ಒದ್ದೆ ಸೆರಗು ತಲೆಗೆ ಹಾಕಿಕೊಂಡು ಊರಿಗೆ ಊರೇ ಇಳಿದು ಮರಳು ಸೇರಿತು.

ಸೋಮವ್ವ ಬರಲಿಲ್ಲ.

ಮಾರನೆಯ ದಿನ ಕೆಂಚವ್ವ ಬೂದಿಯ ಮೇಲೆ ನಡೆದು ಒರತೆಯ ಹತ್ತಿರ ಹೋದಳು. ಕಲ್ಲು ಪಕ್ಕಕ್ಕೆ ಉರುಳಿತ್ತು. ಅಕ್ಕ ಇರಲಿಲ್ಲ. ಬೂದಿ ಮಾತ್ರ ಇತ್ತು, ಎಲ್ಲಾ ಕಡೆ ಒಂದೇ ಥರದ ಬೂದಿ.

"ಹೋಗು ಹೋಗು ಅಂದೆ," ಎಂದಿತು ಒರತೆ, ಸಣ್ಣ ದನಿಯಲ್ಲಿ. "ಕಲ್ಲು ಇನ್ನೂ ಪೂರ್ತಿ ಜರುಗಿಲ್ಲ, ಇನ್ನೊಂದು ಸಲ ನೂಕ್ತೀನಿ ಅಂದಳು."

ಬಂಡೆಯ ಹಿಂದೆ ಯಾರೋ ಬಿಕ್ಕಿದ ಸದ್ದಾಯಿತು. ಗಾಳಿ ಮುದುರಿಕೊಂಡು ಕೂತಿತ್ತು. "ಚಿಕ್ಕವ್ವ, ನಾನು ದೀಪ ಅಂದುಕೊಂಡೆ."

ಕೆಂಚವ್ವ ಅದರ ಕಡೆ ನೋಡದೆಯೇ ಅಂದಳು: "ನನ್ನ ಅಕ್ಕನ್ನ ಹುಡುಕಿ ತಂದುಕೊಡು."

ಗಾಳಿ ಎದ್ದಿತು. ಒಂದು ಚಿಟಿಕೆ ಬೂದಿ ಎತ್ತಿ, ತಿರುಗಿಸಿ ನೋಡಿ, ಅವಳ ಮುಂದೆ ಹಿಡಿಯಿತು.

"ಇದಾ ದೊಡ್ಡವ್ವ?"

"ಅಲ್ಲ."

ಒಂದು ಕರಕಲು ಎಲೆ ತಂದಿತು. "ಇದಾ?"

"ಅಲ್ಲ."

ಸುಟ್ಟ ಕಡ್ಡಿ ತಂದಿತು. ಯಾರ ಸೀರೆಯದೋ ಒಂದು ಎಳೆ ತಂದಿತು. "ಇದಾ ಚಿಕ್ಕವ್ವ? ಇದಾ?"

"ಅಲ್ಲ. ಅಲ್ಲ."

ಹೀಗೆ ಎಷ್ಟೋ ದಿನ. ಜನ ಕಲ್ಲಿನ ಚಾವಣಿ ಹಾಕಿ ಹೊಸ ಮನೆ ಕಟ್ಟಿದರು. ಗಾಳಿ ಮಾತ್ರ ಹುಡುಕುತ್ತಲೇ ಇತ್ತು. ಅದು ಸವೆದು ಸವೆದು ಒಂದು ತೆಳ್ಳನೆಯ ಸುಳಿಯಾಗಿತ್ತು. ಅದನ್ನು ನೋಡಿ ಒಂದು ದಿನ ಕೆಂಚವ್ವನ ಸಿಟ್ಟೆಲ್ಲ ಕರಗಿ, ಬರೀ ಸಂಕಟ ಉಳಿಯಿತು.

"ಸಾಕು ಬಿಡು ಮಗಾ," ಅಂದಳು. "ನಿನ್ನ ತಪ್ಪಲ್ಲ. ಅಕ್ಕ ಇನ್ನು ಸಿಗಲ್ಲ."

"ಪೂರ್ತಿ ನೋಡದೆ ಹ್ಯಾಗೆ ಹೇಳೋದು ಚಿಕ್ಕವ್ವ?" ಅಂದಿತು ಗಾಳಿ. "ಲೋಕದಲ್ಲಿ ಇನ್ನೂ ಎಷ್ಟೊಂದು ಎಲೆ ಇದೆ."

ಅವಳು ಮತ್ತೆ ಕರೆದಳು. ಅಷ್ಟರಲ್ಲಿ ಅದು ಬೆಟ್ಟ ಇಳಿದು, ಮರಳುಗಾಡು ದಾಟಿ, ನಮ್ಮ ಬಯಲುಗಳ ಕಡೆ ಹೊರಟುಹೋಗಿತ್ತು.

ಅದಕ್ಕೇ ಮಕ್ಕಳೇ, ಸುಡುಬೇಸಿಗೆಯ ಮಧ್ಯಾಹ್ನ ಬಟ್ಟಬಯಲಲ್ಲಿ ಸುಳಿಗಾಳಿ ಒಂಟಿಯಾಗಿ ಏಳುತ್ತದೆ, ಒಂದು ಒಣಎಲೆಯನ್ನು ಎತ್ತಿ ಸುತ್ತಲೂ ತಿರುಗಿಸಿ ತಿರುಗಿಸಿ ನೋಡುತ್ತದೆ, ಮತ್ತೆ ಮೆಲ್ಲಗೆ ನೆಲಕ್ಕೆ ಬಿಟ್ಟು ಮುಂದಕ್ಕೆ ಹೋಗುತ್ತದೆ.